ಹೋರಿ ಹುಚ್ಚು ಇಲ್ಲದಾಕಿ

"ಅಕೀಗೆ ಹೋರಿ ಹಬ್ಬ ಅಂದ್ರ ಆಗಂಗಿಲ್ಲಂತ, ನಿಂದು ಅಕೀದು ಹೆಂಗ ಕೂಡತೈತಿ?"

ನಾನು ಇಷ್ಟಪಟ್ಟ ಹುಡುಗಿಯ ಬಗ್ಗೆ ರಟ್ಟೀಹಳ್ಳಿ ಗೆಳೆಯರ ಪ್ರಶ್ನೆ ಇದು. ಕೇಳಿ ಕೇಳಿ ಸಾಕಾಗಿದೆ ಮಾರಾಯ್ರೆ!

ಗೊತ್ತಿಲ್ಲದವರಿಗೆ ಹೇಳ್ತೀನಿ. ದೀಪಾವಳಿ ಬಂತೆಂದರೆ ನಮ್ಮ ಹಾವೇರಿ ಜಿಲ್ಲೆಯಲ್ಲಿ ಹೋರಿ ಬೆದರಿಸುವ ಆಟ. ಕೊಬ್ಬರಿ ಸರ, ಬಲೂನು, ಜೂಲ ಕಟ್ಟಿ ಹೋರಿ ಬಿಡ್ತಾರೆ. ಓಡುವ ಹೋರಿಯ ಮೇಲೆ ಬಿದ್ದು ಹುಡುಗರು ಕೊಬ್ಬರಿ ಹರಿಯಬೇಕು. ನನಗೆ ಇದೆಂದರೆ ಪ್ರಾಣ. ಅವಳಿಗೆ ಬೇಡವೇ ಬೇಡ.

ಯಾಕೆ ಬೇಕು ಹೇಳಿ? ಅಖಾಡದಲ್ಲಿ ಓಡುವವರು ಗಂಡಸರು, ಸಿಳ್ಳೆ ಹೊಡೆಯುವವರೂ ಗಂಡಸರು. ವರ್ಷವಿಡೀ ಹೋರಿಗೆ ಹಿಂಡಿ-ನೀರು ಇಟ್ಟು ಸಗಣಿ ಬಳಿಯುವವರು ಮನೆ ಹೆಂಗಸರು. ಹೋರಿ ಹಾಯ್ದು ಯಾರಾದರೂ ಸತ್ತರೆ ಜೀವನವಿಡೀ ಅಳುವವರೂ ಅವರೇ.

2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಷೇಧಿಸಿತು. 2023ರ ಮೇನಲ್ಲಿ ಜಲ್ಲಿಕಟ್ಟು, ಕಂಬಳಕ್ಕೆ ಅವಕಾಶ ಕೊಟ್ಟ ಕಾಯ್ದೆಗಳನ್ನು ಎತ್ತಿಹಿಡಿಯಿತು. ಎರಡೂ ಸಲ ನಮ್ಮ ಕಟ್ಟೆ ಮೇಲೆ ಸಂಸ್ಕೃತಿ, ಪ್ರಾಣಿಹಿಂಸೆ ಅಂತ ಗಂಟಲು ಹರಿಯುವಷ್ಟು ವಾದ. ಮನೆಯೊಳಗಿನ ಭಯವನ್ನು ಕೇಳಿದವರು ಒಬ್ಬರಾದರೂ ಇದ್ದರಾ?

ಇನ್ನೊಂದು ಮಾತು. ಅವಳು ಓದುವ ಕಾದಂಬರಿ ನನ್ನ ತಲೆಗೆ ಹತ್ತೋದಿಲ್ಲ. ಅದಕ್ಕೆ "ಜೋಡಿ ಕೂಡಂಗಿಲ್ಲ" ಅಂತ ಯಾವ ಗೆಳೆಯನೂ ಹೇಳಲಿಲ್ಲ! ಗಂಡಿನ ಹುಚ್ಚನ್ನು ಹೆಣ್ಣು ಹಚ್ಚಿಕೊಳ್ಳಬೇಕು, ಹೆಣ್ಣಿನದು ಮಾತ್ರ ಅವಳ ಪಾಡಿಗೆ.. ಇದ್ಯಾವ ಲೆಕ್ಕ?

ಅವಳು ಕೇಳಿದ್ದು ಇಷ್ಟೇ: "ಬೇಕಾದ್ರ ನೋಡಾಕ ಹೋಗ್ರಿ, ಅಖಾಡಕ್ಕ ಮಾತ್ರ ಇಳೀಬ್ಯಾಡ್ರಿ." ಇದು ಆಟದ ಮೇಲಿನ ದ್ವೇಷವಲ್ಲ, ನನ್ನ ಮೇಲಿನ ಜೀವ. ಜೋಡಿ ಕೂಡಲು ಇದು ಸಾಲದೇ? ನೀವೇನಂತೀರಿ?