ನಕ್ಷೆಯೂ ಒಂದು ಖಾತೆಪುಸ್ತಕ

ಯಾವ ವರ್ತಕನೂ ತನ್ನ ಬಾಕಿ ವಸೂಲಿಯನ್ನು ನೆನಪಿನ ಮೇಲೆ ಬಿಡುವುದಿಲ್ಲ. ಯಾರಿಂದ ಎಷ್ಟು ಬರಬೇಕು, ಎಂದು ಬರಬೇಕು ಎಂಬುದು ಖಾತೆಯಲ್ಲಿ ನಮೂದಾಗಿರುತ್ತದೆ. ಆದರೆ ಅದೇ ವರ್ತಕನ ಸರಕು ಸಾಗುವ ರಸ್ತೆಯಲ್ಲಿ ಯಾವ ತಿರುವು ಅಪಾಯಕಾರಿ, ಎಲ್ಲಿ ದೀಪವಿಲ್ಲ, ಎಲ್ಲಿ ರಾತ್ರಿ ಲಾರಿಗಳು ಸಾಲಾಗಿ ನಿಲ್ಲುತ್ತವೆ ಎಂಬ ಮಾಹಿತಿ ಚಾಲಕನ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ಚಾಲಕ ಕೆಲಸ ಬಿಟ್ಟರೆ ಆ ಮಾಹಿತಿಯೂ ಹೋಯಿತು.

ಈ ನಿರ್ಲಕ್ಷ್ಯದ ಬೆಲೆಯನ್ನು ನಮ್ಮ ಜಿಲ್ಲೆ ತೆತ್ತಿದೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಟೆಂಪೋ ಟ್ರಾವೆಲರ್ ಅಪ್ಪಳಿಸಿ, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ 13 ಜನ ಮೃತಪಟ್ಟರು. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರ ತಾಲೂಕಿನಲ್ಲಿ ಕಂದಕಕ್ಕೆ ಉರುಳಿ 10 ಜನ ಅಸುನೀಗಿದರು. ಇವರು ಹಣ್ಣು, ತರಕಾರಿ ಮಾರಿ ಬದುಕುವವರು. ಅಂದರೆ ನಮ್ಮವರೇ, ವ್ಯಾಪಾರಿಗಳೇ. ಸರಕಿನ ಮೇಲೆ ಜನರನ್ನು ಕೂರಿಸಿಕೊಂಡು ಹೋದಾಗ ವಿಮಾ ಪರಿಹಾರದ ಪ್ರಶ್ನೆಯೂ ವ್ಯಾಜ್ಯಕ್ಕೆ ಬೀಳುತ್ತದೆ ಎಂಬುದನ್ನು ವಾಹನ ಮಾಲೀಕರು ಮರೆಯಬಾರದು.

ಇಂತಹ ಸಂದರ್ಭದಲ್ಲಿ ವಿದ್ಯಾರ್ಥಿಗಳಿಂದ ನಕ್ಷೆ ತಯಾರಿಸುವ ಕಾರ್ಯವನ್ನು ನಮ್ಮ ಸಂಸ್ಥೆ ಪ್ರೋತ್ಸಾಹಿಸಬೇಕು ಎಂಬುದು ನನ್ನ ಅಭಿಪ್ರಾಯ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದರ ಗ್ರಾಮ ಚರಿತ್ರೆ ಕೋಶ ಯೋಜನೆಯು ಊರೂರಿನ ಚರಿತ್ರೆಯನ್ನು ಸಂಗ್ರಹಿಸುವ ದೊಡ್ಡ ಕಾರ್ಯವನ್ನು ಕೈಗೊಂಡಿತು. ಹಳ್ಳಿಗೆ ಹೋಗಿ, ಹಿರಿಯರನ್ನು ಕೇಳಿ ಬರೆದುಕೊಳ್ಳುವ ಪದ್ಧತಿ ಹೀಗೆ ನಮ್ಮ ಸಮೀಪದಲ್ಲೇ ಬೆಳೆದಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಕಾಲೇಜುಗಳ ವಿದ್ಯಾರ್ಥಿಗಳೂ ಸೇರಿ ಅದೇ ಪದ್ಧತಿಯಲ್ಲಿ ಇಂದಿನ ರಸ್ತೆ, ಭೂಮಿ, ವನ್ಯಜೀವಿಗಳ ಸ್ಥಿತಿಯನ್ನು ಏಕೆ ದಾಖಲಿಸಬಾರದು?

ಪೊಲೀಸರ ಬಳಿ ಅಪಘಾತಗಳ ಗಣಕೀಕೃತ ದಾಖಲೆ ಇರುವಾಗ ವಿದ್ಯಾರ್ಥಿಗಳು ಏಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆಯನ್ನು ಗಮನಿಸಿರಿ. ಸುಮಾರು 500 ಮೀಟರ್ ಉದ್ದದ ಹೆದ್ದಾರಿಯಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾದರೆ, ಇಲ್ಲವೇ 10 ಸಾವುಗಳಾದರೆ ಅದು 'ಕಪ್ಪು ಚುಕ್ಕೆ' ಎನಿಸುತ್ತದೆ. ಅಂದರೆ ಒಂದು ಸ್ಥಳ ಅಪಾಯಕಾರಿ ಎನಿಸಿಕೊಳ್ಳಲು ಮೊದಲು ರಕ್ತ ಹರಿಯಬೇಕು! ಸ್ವಲ್ಪದರಲ್ಲಿ ತಪ್ಪಿದ ಡಿಕ್ಕಿ, ಒಡೆದ ವಿಭಜಕ, ಕೆಟ್ಟ ದೀಪ, ಶಾಲಾ ಮಕ್ಕಳು ಹೆದ್ದಾರಿ ದಾಟುವ ಜಾಗ, ಇವು ಆ ದಾಖಲೆಗೆ ಸೇರುವುದಿಲ್ಲ. ಇವನ್ನು ಎಣಿಸಲು ಹತ್ತು ಜನ ವಿದ್ಯಾರ್ಥಿಗಳು ಮೊಬೈಲ್ ಹಿಡಿದು ನಡೆದರೆ ಸಾಕು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ಸಾವುಗಳನ್ನು ಮನೆಮನೆಯಂತೆ ನಕ್ಷೆಯಲ್ಲಿ ಗುರುತಿಸಿ, ಅವು ಒಂದು ನೀರಿನ ಪಂಪಿನ ಸುತ್ತ ನೆರೆದಿದ್ದುದನ್ನು ತೋರಿಸಿದನು. ಬಿಡಿಬಿಡಿಯಾಗಿ ಅರ್ಥ ಕೊಡದ ಸಂಗತಿಗಳು ಒಂದೆಡೆ ಸೇರಿದಾಗ ಅರ್ಥ ಕೊಡುತ್ತವೆ; ನಮ್ಮ ತಾಳೆಪಟ್ಟಿಯ ತತ್ತ್ವವೂ ಅದೇ.

ವನ್ಯಜೀವಿಗಳ ವಿಷಯವೂ ವ್ಯಾಪಾರದಿಂದ ದೂರವಾದುದಲ್ಲ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವೂ, ಬಂಕಾಪುರ ಕೋಟೆಯ ಸುಮಾರು 139 ಎಕರೆಯಲ್ಲಿ 2006ರಲ್ಲಿ ಸ್ಥಾಪಿತವಾದ ನವಿಲುಧಾಮವೂ ನಮ್ಮ ಜಿಲ್ಲೆಯಲ್ಲಿವೆ. ಪ್ರಾಣಿಗಳು ರಸ್ತೆ ದಾಟುವ ಸ್ಥಳ ತಿಳಿದಿದ್ದರೆ ಅಲ್ಲಿ ವೇಗ ತಗ್ಗಿಸಬಹುದು. ಪ್ರಾಣಿಯೂ ಉಳಿಯುತ್ತದೆ, ವಾಹನವೂ ಉಳಿಯುತ್ತದೆ. ಆದರೆ ಪ್ರಾಣಿಗಳ ನೆಲೆಯ ನಿಖರ ವಿವರವನ್ನು ಅರಣ್ಯ ಇಲಾಖೆಗೆ ಮಾತ್ರ ಒಪ್ಪಿಸಬೇಕು. ಬೇಟೆಗಾರರ ಕೈಗೆ ಸಿಗುವ ನಕ್ಷೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು.

ಭೂಮಿಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅವಶ್ಯ. 2000ದ ಇಸವಿಯಲ್ಲಿ ಬಂದ 'ಭೂಮಿ' ಯೋಜನೆಯಿಂದ ಪಹಣಿ ಗಣಕಕ್ಕೆ ಸೇರಿತು; 'ದಿಶಾಂಕ್' ಆ್ಯಪ್ ನಿಂತ ನೆಲದ ಸರ್ವೆ ನಂಬರನ್ನು ತೋರಿಸುತ್ತದೆ. ವಿದ್ಯಾರ್ಥಿಗಳು ಕೆರೆ, ಹಳ್ಳ, ಗೋಮಾಳಗಳ ಇಂದಿನ ಸ್ಥಿತಿಯನ್ನು ಇವುಗಳೊಡನೆ ಹೋಲಿಸಿ ನೋಡಬಹುದು. ಆದರೆ ಅವರ ನಕ್ಷೆ ಸೂಚನೆಯೇ ಹೊರತು ಕಾನೂನಿನ ದಾಖಲೆಯಲ್ಲ. ಗೋದಾಮಿಗೆ ಜಾಗ ಕೊಳ್ಳುವವರು ಸರ್ವೆ ಇಲಾಖೆಯ ಅಳತೆಯನ್ನೇ ನಂಬಬೇಕು.

ಇದಕ್ಕೆ ತಗಲುವ ವೆಚ್ಚ ಅಲ್ಪ. ಕ್ಯೂಜಿಐಎಸ್, ಓಪನ್ ಸ್ಟ್ರೀಟ್ ಮ್ಯಾಪ್ ಉಚಿತವಾಗಿ ದೊರೆಯುತ್ತವೆ. 2021ರ ಫೆಬ್ರುವರಿಯ ಕೇಂದ್ರ ಮಾರ್ಗಸೂಚಿಯ ನಂತರ, ಸೂಕ್ಷ್ಮ ವಿಷಯಗಳನ್ನು ಹೊರತುಪಡಿಸಿ, ನಕ್ಷೆ ತಯಾರಿಸಲು ಪೂರ್ವಾನುಮತಿ ಬೇಕಿಲ್ಲ. 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮ 5 ಕೋಟಿ ರೂಪಾಯಿ ನಿವ್ವಳ ಲಾಭ ಅಥವಾ ಅದಕ್ಕೆ ಸಮನಾದ ಇತರ ಮಿತಿಗಳನ್ನು ಮುಟ್ಟಿದ ಕಂಪನಿಗಳಿಗೆ ಅನ್ವಯಿಸುತ್ತದೆ. ನಮ್ಮ ಸದಸ್ಯರಲ್ಲಿ ಬಹುತೇಕರು ಅದರ ಹೊರಗಿನವರು. ಕಾನೂನಿನ ಬಲವಂತವಿಲ್ಲದೆ ಮಾಡುವ ಕೆಲಸಕ್ಕೆ ಹೆಚ್ಚಿನ ಗೌರವವಿದೆ.

ಹಣಕ್ಕಿಂತ ಕಠಿಣವಾದುದು ಮತ್ತೊಂದಿದೆ. ಪ್ರಾಮಾಣಿಕವಾದ ನಕ್ಷೆಯಲ್ಲಿ ನಮ್ಮ ಗೋದಾಮಿನ ಮುಂದೆ ದೀಪವಿಲ್ಲದೆ ನಿಂತ ಲಾರಿಯೂ, ನಮ್ಮ ಅಂಗಡಿ ರಸ್ತೆಗೆ ಚಾಚಿದ ಜಾಗವೂ ಕಾಣಿಸುತ್ತವೆ. ಅಪಾಯವಾಗುವಂತೆ ರಸ್ತೆಯಲ್ಲಿ ವಾಹನ ನಿಲ್ಲಿಸುವುದು ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನ ಉಲ್ಲಂಘನೆ. ಲೆಕ್ಕಪರಿಶೋಧಕನ ಟಿಪ್ಪಣಿ ಪ್ರಿಯವಾಗಿರಬೇಕೆಂಬ ನಿಯಮವಿಲ್ಲ. ಆದರೆ ಅದನ್ನು ಓದಿ ತಿದ್ದಿಕೊಂಡ ಸಂಸ್ಥೆ ಉಳಿಯುತ್ತದೆ.

ಆದುದರಿಂದ ಮೊದಲ ಹಂತವಾಗಿ ಗೊಟಗೋಡಿಯಿಂದ ಬಂಕಾಪುರದವರೆಗಿನ ಹೆದ್ದಾರಿಯನ್ನೂ ಸವಣೂರಿನ ಸಂತೆ ರಸ್ತೆಗಳನ್ನೂ ಆಯ್ದುಕೊಳ್ಳೋಣ. ಕಾಲೇಜುಗಳು ವಿದ್ಯಾರ್ಥಿಗಳನ್ನು ಕೊಡಲಿ. ನಾವು ಪ್ರಯಾಣ ವೆಚ್ಚವನ್ನೂ ನಮ್ಮ ಚಾಲಕರ ಅನುಭವವನ್ನೂ ಕೊಡೋಣ. ವಿದ್ಯಾರ್ಥಿಗಳು ಹೆದ್ದಾರಿಯ ಅಂಚಿನಲ್ಲಿ ಒಂಟಿಯಾಗಿ ನಿಲ್ಲದಂತೆ ಪೊಲೀಸರ ನೆರವನ್ನೂ ಪಡೆಯೋಣ. ಸಿದ್ಧವಾದ ನಕ್ಷೆ ಅಂಕ ಪಡೆದು ಕಾಲೇಜಿನ ಕಪಾಟು ಸೇರಬಾರದು. ನಮ್ಮ ಸಂಸ್ಥೆಯೇ ಅದನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿಟ್ಟು, ಆರು ತಿಂಗಳಿಗೊಮ್ಮೆ ಎಷ್ಟು ದೋಷ ಸರಿಯಾಯಿತು, ಎಷ್ಟು ಬಾಕಿ ಉಳಿಯಿತು ಎಂಬುದನ್ನು ಈ ಪತ್ರಿಕೆಯಲ್ಲಿಯೇ ಪ್ರಕಟಿಸಲಿ. ಬಾಕಿಯ ಲೆಕ್ಕವನ್ನು ಬಿಡದೆ ಕೇಳುವುದು ವರ್ತಕರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ.