ಆಣೆ ಮಾಡಿಸಿ ಕಳಿಸಿದೆವು



ಈಚೆಗೆ ಬೀರೂರಿನ ಸಂಘವೊಂದರ ವಾರದ ಸಭೆಗೆ ಹೋಗಿದ್ದೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬಾಕೆ ಕೇಳಿದಳು: "ಮೇಡಂ, ದೇವರು ಧರ್ಮ ಅಂತ ಇಷ್ಟೊಂದು ಮಾಡ್ತೀವಲ್ಲ, ಅದರಿಂದ ಒಳ್ಳೇದಾಗಿದ್ದು ಹೆಚ್ಚೋ, ಕೆಟ್ಟದ್ದೋ?" ಇಷ್ಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ತಕ್ಷಣ ಉತ್ತರ ಬರಲಿಲ್ಲ. ನೆನಪಾದದ್ದು ಬೇರೆಯೇ ಸಂಗತಿ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನ ಏಟು ತಾಳಲಾರದೆ ತವರಿಗೆ ಬಂದಳು. ಅವನಿಗೆ ಬೈಕಿಗೆ ದುಡ್ಡು ಬೇಕಿತ್ತು. ಹಿರಿಯರು ಗುಡಿಯಲ್ಲಿ ಪಂಚಾಯಿತಿ ಸೇರಿಸಿದರು. ಗಂಡ ಕರ್ಪೂರ ಮುಟ್ಟಿ, ಇನ್ನು ಕೈ ಎತ್ತುವುದಿಲ್ಲವೆಂದು ಆಣೆ ಮಾಡಿದ. ನಾನೂ ಅಲ್ಲಿದ್ದೆ. ದೇವರ ಮುಂದೆ ಆಡಿದ ಮಾತಲ್ಲವೇ ಎಂದು ಸುಮ್ಮನಾದೆ. ಒಂದು ಕಾಗದ ಬರೆಸಲಿಲ್ಲ, ಠಾಣೆಗೆ ತಿಳಿಸಲಿಲ್ಲ. ಮಡಿಲಕ್ಕಿ ಕಟ್ಟಿ ಕಳಿಸಿದೆವು. ಯುಗಾದಿ ಕಳೆಯುವುದರೊಳಗೆ ಅವಳು ಮುರಿದ ಕೈಯೊಂದಿಗೆ ವಾಪಸು ಬಂದಳು. ಆಗಲೂ "ಪೂರ್ವಜನ್ಮದ ಕರ್ಮ, ಹೊಂದಿಕೊಂಡು ಹೋಗಬೇಕು" ಎಂದವರಿದ್ದರು. ಅವರಲ್ಲಿ ಹೆಂಗಸರೇ ಹೆಚ್ಚು.

ಹಾಗೆಂದು ಧರ್ಮವನ್ನು ಪೂರಾ ತಳ್ಳಿಹಾಕಲು ನನ್ನಿಂದಾಗದು. ಆಸ್ಪತ್ರೆಯಿಂದ ಬಂದ ದಿನ ಆ ಹುಡುಗಿ ಮೊದಲು ಹೋದದ್ದು ದೇವಿಯ ಗುಡಿಗೆ. ಅತ್ತು ಹಗುರಾಗಲು ಅವಳಿಗೆ ಬೇರೆ ಜಾಗವಿರಲಿಲ್ಲ. ಧರ್ಮಸ್ಥಳದಲ್ಲಿ 1972ರಿಂದ ವರದಕ್ಷಿಣೆಯಿಲ್ಲದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ಸಾಲವಿಲ್ಲದೆ ಮಗಳ ಮದುವೆಯಾಯಿತೆಂದು ನೆಮ್ಮದಿಪಟ್ಟ ತಾಯಂದಿರು ಎಷ್ಟಿಲ್ಲ! ಇಸ್ಲಾಮಿನಲ್ಲಿ ಮದುವೆಗೆ ಮಹರ್ ಕೊಡಬೇಕಾದವನು ಗಂಡು. ಆದರೂ ಮುಸಲ್ಮಾನ ಗೆಳತಿಯರ ಮನೆಗಳಿಗೂ ವರದಕ್ಷಿಣೆ ನುಗ್ಗಿದೆ. ಇದರ ತಪ್ಪನ್ನು ಧರ್ಮಗ್ರಂಥದ ತಲೆಗೆ ಕಟ್ಟಲಾದೀತೇ?

ಆದರೆ ಚಂದ್ರಗುತ್ತಿಯನ್ನು ನೆನೆದರೆ ಮನಸ್ಸು ಮತ್ತೆ ಕಹಿಯಾಗುತ್ತದೆ. ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಊರು ಅದು. ಅಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಜನ ಬಿದ್ದು ಹೊಡೆದು, ಬಟ್ಟೆ ಕಿತ್ತು ಅವಮಾನಿಸಿದರು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ನಿಷೇಧ ಹೇರಿತು. ಮುತ್ತು ಕಟ್ಟಿ ದೇವದಾಸಿ ಮಾಡುವುದರ ವಿರುದ್ಧವೂ 1982ರ ಕಾಯ್ದೆಯೇ ಬರಬೇಕಾಯಿತು. ಹೀಗೆ ದೇವರಿಗೆ ಒಪ್ಪಿಸಲ್ಪಟ್ಟವರು ಬಹುಪಾಲು ದಲಿತರ, ಬಡವರ ಮಕ್ಕಳು.

ಆ ಸಂಘದ ಸೋದರಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ದೇವರೆದುರು ಅಳುವುದಕ್ಕೆ ಯಾರೂ ಅಡ್ಡ ಬರಬಾರದು. ಆದರೆ ಧರ್ಮದ ಹೆಸರಿನಲ್ಲಿ ಇನ್ನೊಬ್ಬರು ನಮ್ಮ ತೀರ್ಪು ಬರೆಯಲು ಕುಳಿತಾಗ ನಮಗೆ ಆಗಿರುವುದು ಹೆಚ್ಚಾಗಿ ಕೇಡೇ. ನಿಮ್ಮ ಬೀದಿಯಲ್ಲಿ ಇಂಥ ಪಂಚಾಯಿತಿ ಸೇರಿದರೆ ಸಂಘದ ನಾಲ್ಕು ಜನ ಹೋಗಿ ಕುಳಿತುಕೊಳ್ಳಿ. ಆಣೆ ಮಾಡುವವನು ಮಾಡಲಿ. ಏಟು ತಿಂದವಳನ್ನು ಕಡೂರಿನ ಸಿಡಿಪಿಒ ಆಫೀಸಿಗೆ ಕರೆದುಕೊಂಡು ಹೋಗಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ದೂರು ಬರೆದುಕೊಳ್ಳಬೇಕಾದ ಸಂರಕ್ಷಣಾಧಿಕಾರಿ ಅವರೇ. ಮನೆ ಗಂಡನ ಹೆಸರಿನಲ್ಲಿದ್ದರೂ ಅದರಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ರಾತ್ರಿಯಾಗಿದ್ದರೆ 181ಕ್ಕೆ ಫೋನ್ ಮಾಡಿ.

ನನ್ನ ವಿದ್ಯಾರ್ಥಿನಿ ಈಗ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಪ್ರತಿ ಶುಕ್ರವಾರ ದೇವಿಯ ಗುಡಿಗೆ ಹೋಗುತ್ತಾಳೆ. ಆಣೆಯ ದಿನದ ಮಾತನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.