ಮಕ್ಕಳ ಉಸಿರಿಗೂ ವಾಯಿದೆಯೇ?

ರಾಯಚೂರಿನಿಂದ ಶಕ್ತಿನಗರದ ಬಸ್ಸು ಹತ್ತಿದವರಿಗೆ ಆ ಚಿಮಣಿಗಳನ್ನು ತೋರಿಸಬೇಕಿಲ್ಲ. 1985ರಲ್ಲಿ ಮೊದಲ ಘಟಕ ಶುರುವಾಯಿತು. ಈಗ ಎಂಟು ಘಟಕ ಸೇರಿ 1720 ಮೆಗಾವಾಟ್. ಉರಿಯೋದು ಕಲ್ಲಿದ್ದಲು.

ಕಲ್ಲಿದ್ದಲು ಉರಿದರೆ ಕರೆಂಟಿನ ಜತೆಗೆ ಹಾರುಬೂದಿ, ಗಂಧಕದ ಹೊಗೆಯೂ ಬರುತ್ತದೆ. ದೊಡ್ಡವರಿಗಿಂತ ಮಕ್ಕಳ ಉಸಿರಾಟ ಬಿರುಸು. ಮೈತೂಕಕ್ಕೆ ನೋಡಿದರೆ ಅವರು ಎಳೆದುಕೊಳ್ಳುವ ಗಾಳಿಯೂ ಹೆಚ್ಚು. ಬೆಳೆಯೋ ವಯಸ್ಸಿನಲ್ಲಿ ಶ್ವಾಸಕೋಶಕ್ಕೆ ಬಿದ್ದ ಪೆಟ್ಟು ಜೀವನಪೂರ್ತಿ ಉಳಿಯಬಹುದು.

ದೇಶದ ಕಲ್ಲಿದ್ದಲು ಸ್ಥಾವರಗಳ ಹೊಗೆಗೆ ಕೇಂದ್ರ ಸರ್ಕಾರ 2015ರಲ್ಲೇ ಮಿತಿ ಹಾಕಿತ್ತು. ಕೊಟ್ಟ ವಾಯಿದೆ ಎರಡು ವರ್ಷ. ಆಮೇಲೆ? ವಾಯಿದೆ ಮೇಲೆ ವಾಯಿದೆ! ಕಡೆಗೆ 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಗಂಧಕ ತಡೆಯುವ ಯಂತ್ರವೇ ಬೇಡ ಎಂದು ವಿನಾಯಿತಿ ಸಿಕ್ಕಿತು.

ನಾಳೆಯೇ ಬೀಗ ಹಾಕಿ ಎನ್ನೋದು ಸುಲಭದ ಮಾತು. ರಾತ್ರಿ ಅಂಗಡಿ ದೀಪ ಉರಿಯಬೇಕು, ಕಾರ್ಮಿಕರ ಮನೆ ಒಲೆಯೂ ಉರಿಯಬೇಕು. ಪಾವಗಡದಲ್ಲಿ 2050 ಮೆಗಾವಾಟಿನ ಸೋಲಾರ್ ಇದೆ, ಆದರೆ ಅದು ಹಗಲಿನ ಲೆಕ್ಕ. ಹಾಗಿದ್ದರೆ ರಾತ್ರಿಗೆ ಕರೆಂಟು ಕೂಡಿಡೋದು ಹೇಗೆ? ಯಾವ ಘಟಕ ಯಾವ ವರ್ಷ ನಿಲ್ಲಬೇಕು? ಅಲ್ಲಿನ ಕಾರ್ಮಿಕರಿಗೆ ಮುಂದೆ ಕೆಲಸವೇನು? ಸರ್ಕಾರ ತಾರೀಖು ಹಾಕಿ ಹೇಳಲಿ.

ಅಂಗಡಿ ಉದ್ರಿಗೂ ಒಂದು ಕಡೇ ತಾರೀಖು ಇರ್ತದೆ ಸ್ವಾಮಿ. ಮಕ್ಕಳ ಬಾಕಿಗೆ ಮಾತ್ರ ಯಾಕಿಲ್ಲ?